ಟೊರ್ಟೆಲ್ಲಿನಿ ಮಡಚಿದ ಕೈಗಳು ಯಾರವು? ಬೊಲೊನ್ಯಾದ ಆಯ್ಕೆ ಸಮಿತಿಗೊಂದು ಬಹಿರಂಗ ಪತ್ರ

ಮಾನ್ಯ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,

ಸಾದರ ವಂದನೆಗಳು.

ಹೊರದೇಶಗಳಿಂದ ಬಂದು ಇಟಲಿಯಲ್ಲಿ ನೆಲೆಸಿ, ಇಲ್ಲಿನ ಸಂಸ್ಕೃತಿಯ ಬಗ್ಗೆ ತಮ್ಮ ತಮ್ಮ ಭಾಷೆಗಳಲ್ಲಿ ಬರೆಯುವವರಿಗೆ ತಾವು ಕೊಡುವ ಗೌರವಕ್ಕೆ ಈ ಬಾರಿ ನನ್ನನ್ನು ಆರಿಸಿದ್ದೀರಿ. ಅದಕ್ಕಾಗಿ ಮೊದಲಿಗೆ ನನ್ನ ತುಂಬು ಮನಸ್ಸಿನ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ. ಸಮಾರಂಭದ ದಿನ ಮಾತಿಗೆಂದು ಕೊಟ್ಟಿದ್ದ ಎರಡು ನಿಮಿಷಗಳಲ್ಲಿ ಗಂಟಲು ಕಟ್ಟಿಕೊಂಡು, 'ಗ್ರಾತ್ಸಿಯೆ' (ಧನ್ಯವಾದ) ಎಂಬ ಒಂದು ಮಾತಿಗಿಂತ ಹೆಚ್ಚೇನನ್ನೂ ಹೇಳಲಾಗಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಇದರ ಇಟಾಲಿಯನ್ ಪ್ರತಿಯನ್ನು ತಮ್ಮ ಕಚೇರಿಗೆ ಈಗಾಗಲೇ ಕಳುಹಿಸಿದ್ದೇನೆ. ಕನ್ನಡದಲ್ಲಿ ಇದನ್ನು ಬಹಿರಂಗವಾಗಿ ಪ್ರಕಟಿಸಲು ಕಾರಣವೆಂದರೆ, ತಾವು ಗೌರವಿಸಿದ ಬರಹಗಳನ್ನೆಲ್ಲ ನಾನು ಬರೆದದ್ದು ಕನ್ನಡದಲ್ಲಿ. ಅವುಗಳಲ್ಲಿ ಏನಿತ್ತು, ಸಮಾರಂಭದಲ್ಲಿ ಹಂಚಿದ ತಮ್ಮ ಪುಸ್ತಿಕೆಗೆ ಹೋಗುವಷ್ಟರಲ್ಲಿ ಏನು ಇಲ್ಲವಾಯಿತು ಎಂಬುದನ್ನು ಬಲ್ಲವರೂ ಕನ್ನಡದ ಓದುಗರೇ.

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ. ನಮ್ಮ ಮನೆಯಿಂದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಸೈಕಲ್ಲಿನಲ್ಲಿ ಹೋಗಿ ಊಟದ ಹೊತ್ತಿಗೆ ಮರಳಬಹುದಿತ್ತು. 1623ರಲ್ಲಿ, ಕೆಳದಿಯ ವೆಂಕಟಪ್ಪ ನಾಯಕ ಇಕ್ಕೇರಿಯಲ್ಲಿದ್ದು ಆಳುತ್ತಿದ್ದಾಗ, ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಘಟ್ಟ ಹತ್ತಿ ಅಲ್ಲಿಗೆ ಬಂದಿದ್ದ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನೊಬ್ಬನಿಗೆ ಪತ್ರಗಳಲ್ಲಿ ಬರೆದ. ಘಟ್ಟದ ಮೇಲೆ ದೇವಸ್ಥಾನವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿಕೊಂಡು, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಆತ ನಿಂತು ನೋಡಿದ್ದಾನೆ. ಮೇಷ್ಟರು ಇರಲಿಲ್ಲ. ತೊಡಕು ಬಂದರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ಒಂದೇ ತೊಡಕು ನಾಲ್ವರನ್ನೂ ಒಂದೇ ಹೊತ್ತಿನಲ್ಲಿ ತಡೆದು ನಿಲ್ಲಿಸಲಾರದು ಎಂದು ಆ ಹುಡುಗರು ಉತ್ತರ ಕೊಟ್ಟರಂತೆ. ನಾನು ಎಳವೆಯಲ್ಲಿ ಓಡಾಡಿದ ಸೀಮೆಯ ಈ ಮಕ್ಕಳನ್ನು ನನಗೆ ಪರಿಚಯಿಸಿದ್ದು ಬೊಲೊನ್ಯಾದ ಗ್ರಂಥಾಲಯದಲ್ಲಿ ಸಿಕ್ಕ ಇಟಾಲಿಯನ್ ಪುಸ್ತಕ. ಆತ ಹೊರಗಿನವನು, ನಮ್ಮ ಭಾಷೆ ಅರಿಯದವನು, ಕೆಲವೇ ದಿನ ಇದ್ದು ಹೋದವನು. ಆದರೂ ಆ ಜಾಣ ಮಾತನ್ನು ಹುಡುಗರ ಮಾತೆಂದೇ ದಾಖಲಿಸಿದ, ತನ್ನ ಹೊಳಹು ಎಂದು ಬರೆದುಕೊಳ್ಳಲಿಲ್ಲ. ಪರನಾಡಿನ ಬಗ್ಗೆ ಬರೆಯಲು ಕೂತಾಗಲೆಲ್ಲ ಈ ಒಂದು ಸಂಗತಿಯನ್ನು ನಾನು ಎದುರಿಗೆ ಇಟ್ಟುಕೊಂಡಿದ್ದೇನೆ.

2011ರ ನವೆಂಬರಿನಲ್ಲಿ, ಇಲ್ಲಿ ಪ್ಯಾಕಿಂಗ್ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಪತಿಯ ಹಿಂದೆ ನಾನು ಬೊಲೊನ್ಯಾಕ್ಕೆ ಬಂದಿಳಿದ ದಿನ ಮಳೆ ಸುರಿಯುತ್ತಿತ್ತು. ಮಲೆನಾಡಿನವಳಿಗೆ ಮಳೆ ಹೊಸದಲ್ಲ; ಕೊಡೆ ಬಿಚ್ಚದೆ ಒಂದು ಊರನ್ನು ದಾಟಬಹುದು ಎಂಬುದು ಮಾತ್ರ ಹೊಸದಾಗಿತ್ತು. ಮನೆಗಳ ಮುಂದೆ ಕಂಬಸಾಲು, ಮೇಲೆ ಕಮಾನು, ಬೀದಿಯುದ್ದಕ್ಕೂ ಒಂದರ ಹಿಂದೊಂದು ಜಗಲಿ. ಇಂಥ ಪೋರ್ಟಿಕೊಗಳು ಈ ನಗರದಲ್ಲಿ ಒಟ್ಟು 62 ಕಿಲೋಮೀಟರ್‌ಗಳಷ್ಟಿವೆ ಎಂದೂ, 2021ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತೆಂದೂ ತಮಗೆ ನಾನು ಹೇಳಬೇಕಾಗಿಲ್ಲ. ಕನ್ನಡದಲ್ಲಿ ನಾನು ಬರೆದ ಮೊದಲ ಲೇಖನ ಇವುಗಳ ಬಗ್ಗೆಯೇ ಇತ್ತು. ಬರೆಯಲು ಹೊರಟಾಗ ತಿಳಿದ ವಿಷಯ ನನ್ನನ್ನು ಬೆರಗುಗೊಳಿಸಿತು. ವಿಶ್ವವಿದ್ಯಾಲಯಕ್ಕೆ ಓದಲು ಬಂದವರಿಂದಲೂ ಹಳ್ಳಿಗಾಡಿನಿಂದ ಬಂದು ಸೇರಿದವರಿಂದಲೂ ಊರು ಕಿಕ್ಕಿರಿದಾಗ, ಮನೆಗಳ ಮೇಲಂತಸ್ತುಗಳನ್ನು ಬೀದಿಯ ಕಡೆಗೆ ಚಾಚಿ ಹೊಸ ಕೋಣೆಗಳನ್ನು ಕಟ್ಟಿದರು. ಚಾಚಿದ ಭಾಗ ಕುಸಿಯದಿರಲೆಂದು ಕೆಳಗೆ ಕಂಬ ಕೊಟ್ಟರು. 1288ರಲ್ಲಿ ನಗರದ ಕಟ್ಟಳೆ ಹೊಸ ಮನೆಗಳಿಗೆಲ್ಲ ಪೋರ್ಟಿಕೊ ಇರಲೇಬೇಕೆಂದು ವಿಧಿಸಿತು. ಜಾಗ ಮನೆಯವರದು, ನಡೆದಾಡುವ ಹಕ್ಕು ಎಲ್ಲರದು. ಅಂದರೆ, ಪರ ಊರಿನಿಂದ ಬಂದವರಿಗೆ ಮಲಗಲು ಒಂದು ಕೋಣೆ ಬೇಕಾಗಿದ್ದರಿಂದ ಈ ನಗರಕ್ಕೆ ಈ ಮುಖ ಬಂದಿತು. ಆ ಲೇಖನವನ್ನು ತಾವು ಮೆಚ್ಚಿ ಉಲ್ಲೇಖಿಸಿದ್ದೀರಿ, ಸಂತೋಷ.

ಆದರೆ ತಮ್ಮ ಪ್ರಶಸ್ತಿ ಪತ್ರದಲ್ಲಿ ಹೆಚ್ಚು ಹೊಗಳಿಕೆ ಪಡೆದ ಲೇಖನ, ಮಾಂಸದ ಹೂರಣವಿಟ್ಟು ಮಡಚುವ ಪುಟ್ಟ ಪಾಸ್ತಾ ಟೊರ್ಟೆಲ್ಲಿನಿಯದು. ನನ್ನ ತಕರಾರು ಇರುವುದೂ ಅಲ್ಲೇ.

ಆ ಲೇಖನ ಹುಟ್ಟಿದ್ದು ನಮ್ಮ ಮನೆಯ ಮೇಲಿನ ಮಹಡಿಯ ಅಡುಗೆಮನೆಯಲ್ಲಿ. ಅಲ್ಲಿ ಎಂಬತ್ತು ದಾಟಿದ, ನಿವೃತ್ತ ಶಾಲಾ ಶಿಕ್ಷಕಿಯಾದ ಸಿನ್ಯೋರಾ ಒಬ್ಬರಿದ್ದಾರೆ. ಹತ್ತು ವರ್ಷಗಳಿಂದ ಪ್ರತಿ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಎರಡು ಮೂರು ದಿನ ಇರುವಾಗ, ಅವರು ನನ್ನನ್ನು ಮೇಲಕ್ಕೆ ಕರೆಯುತ್ತಾರೆ. ನೂರು ಗ್ರಾಮ್ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕದಲ್ಲಿ ಕಲಸಿ ನಾದಿದ ಹಿಟ್ಟನ್ನು, ನಮ್ಮ ಲಟ್ಟಣಿಗೆಯ ಮೂರು ಪಾಲು ಉದ್ದವಿರುವ ಮತ್ತರೆಲ್ಲೊ ಹಿಡಿದು, ಮಣೆಯ ಅಂಚು ದಾಟಿ ಜೋಲುವಷ್ಟು ಅಗಲಕ್ಕೆ ಲಟ್ಟಿಸಬೇಕು. ಆ ಹಾಳೆಯನ್ನು ಎತ್ತಿ ಹಿಡಿದರೆ ಅದರ ಮೂಲಕ ಗುಡ್ಡದ ಮೇಲಿನ ಸ್ಯಾನ್ ಲೂಕಾ ಗುಡಿ ಕಾಣಬೇಕು ಎಂಬುದು ಈ ಊರಿನ ಮಾತು. ಆಮೇಲೆ ಅದನ್ನು ಪುಟ್ಟ ಚೌಕಗಳಾಗಿ ಕೊಯ್ದು, ಕಡಲೆಕಾಳಿನಷ್ಟು ಹೂರಣವಿಟ್ಟು, ತ್ರಿಕೋನವಾಗಿ ಮಡಚಿ, ಕಿರುಬೆರಳಿಗೆ ಸುತ್ತಿ, ತುದಿಗಳನ್ನು ಒತ್ತಬೇಕು. ಮಾಂಸ ಮುಟ್ಟದ ನಾನು ಇದುವರೆಗೆ ಒಂದು ಟೊರ್ಟೆಲ್ಲಿನೊವನ್ನೂ ಬಾಯಿಗಿಟ್ಟವಳಲ್ಲ ಎಂಬುದನ್ನು ಲೇಖನದಲ್ಲಿ ಒಪ್ಪಿಕೊಂಡಿದ್ದೆ. ರುಚಿಯ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ, ಮಡಚುವ ಕೆಲಸದ ಬಗ್ಗೆ ಬರೆಯಬಲ್ಲೆ ಎಂದಿದ್ದೆ. ನಮ್ಮ ಕಡೆ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುವ ದಿನ ಕೇರಿಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಸೇರುತ್ತಾರೆ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಊರಿನ ಸುದ್ದಿಯನ್ನೆಲ್ಲ ಮುಗಿಸುತ್ತದೆ. ಈ ಅಡುಗೆಮನೆಯಲ್ಲಿ ನನಗೆ ಮನೆಯ ನೆನಪಾದದ್ದು ಅದರಿಂದಲೇ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಸಿನ್ಯೋರಾ ಅವರ ಕೈ ಕೆಲವು ವರ್ಷಗಳಿಂದ ನಡುಗುತ್ತಿದೆ. ಅವರಿಗೆ ಮತ್ತರೆಲ್ಲೊ ಹಿಡಿಯಲಾಗುವುದಿಲ್ಲ. ಹಿಟ್ಟು ಲಟ್ಟಿಸುವವರು, ಮಡಚುವವರು, ಒಂದು ಮಧ್ಯಾಹ್ನದಲ್ಲಿ ಆರು ನೂರು ಟೊರ್ಟೆಲ್ಲಿನಿಗಳನ್ನು ಒಂದರಂತೆ ಒಂದು ಸಾಲಾಗಿ ಬಟ್ಟೆಯ ಮೇಲೆ ಜೋಡಿಸುವವರು, ಅವರನ್ನು ನೋಡಿಕೊಳ್ಳಲು ಮೊಲ್ದೋವಾದಿಂದ ಬಂದು ಹನ್ನೊಂದು ವರ್ಷಗಳಿಂದ ಆ ಮನೆಯಲ್ಲೇ ಇರುವ ಮಹಿಳೆ. ಇಂಥವರಿಗೆ ಇಲ್ಲಿ 'ಬದಾಂತೆ' ಎನ್ನುತ್ತಾರೆ. ಕಾಯುವವಳು, ನಿಗಾ ಇಡುವವಳು ಎಂದು ಅರ್ಥ. ಸಿನ್ಯೋರಾ ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ಆಕೆ ಮಾಡುತ್ತಾಳೆ, ನಾನು ತುದಿ ಒತ್ತುತ್ತೇನೆ. ಸಿನ್ಯೋರಾ ಅವರ ಸ್ವಂತ ಮಗಳು ಮಿಲಾನಿನಲ್ಲಿದ್ದಾರೆ, ಟೊರ್ಟೆಲ್ಲಿನಿಯನ್ನು ಅಂಗಡಿಯಿಂದ ಕೊಳ್ಳುತ್ತಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆ ಹೋಗುವವರ ಪಾಡು ಎಲ್ಲ ಊರಿನಲ್ಲೂ ಒಂದೇ. ಸಿನ್ಯೋರಾ ಅವರ ತಾಯಿಯಿಂದ ಅವರಿಗೆ ಬಂದ ಮಡಿಕೆ ಇವತ್ತು ಯಾರ ಬೆರಳುಗಳಲ್ಲಿ ಉಳಿದಿದೆ ಎಂಬ ವಾಸ್ತವವನ್ನಷ್ಟೇ ನಾನು ಬರೆದಿದ್ದೆ. ಇಡೀ ಲೇಖನದ ಜೀವ ಆ ಎರಡು ಪ್ಯಾರಾಗಳಲ್ಲಿತ್ತು.

ಸಮಾರಂಭದಲ್ಲಿ ತಾವು ಹಂಚಿದ ಪುಸ್ತಿಕೆಯಲ್ಲಿ ನನ್ನ ಲೇಖನದ ಇಟಾಲಿಯನ್ ಅನುವಾದ ಅಚ್ಚಾಗಿದೆ. ಆ ಎರಡು ಪ್ಯಾರಾಗಳು ಅದರಲ್ಲಿಲ್ಲ. ಜಾಗದ ಅಭಾವದಿಂದ ಸಂಕ್ಷೇಪಿಸಲಾಯಿತು ಎಂದು ಕೇಳಿದಾಗ ಉತ್ತರ ಬಂತು. ಒಪ್ಪುತ್ತೇನೆ, ಪುಟಗಳಿಗೆ ಮಿತಿ ಇರುತ್ತದೆ. ಆದರೆ ಅದೇ ಸಂಕ್ಷೇಪವನ್ನು ಆಧರಿಸಿ ಬರೆದ ಪ್ರಶಸ್ತಿ ಪತ್ರದಲ್ಲಿ, ನಾನು 'ತಲೆತಲಾಂತರದಿಂದ ಬಂದ ಅಪ್ಪಟ ಬೊಲೊನ್ಯಾ ಕೈಗಳ ಕೌಶಲ'ವನ್ನು ಚಿತ್ರಿಸಿದ್ದೇನೆ ಎಂದು ಹೊಗಳಲಾಗಿದೆ. ಆ ಕೈಗಳು ಬೊಲೊನ್ಯಾದವಲ್ಲ, ಮೊಲ್ದೋವಾದವು. ನಾನು ಬರೆಯದ ಮಾತಿಗೆ ನನಗೆ ಗೌರವ ಸಂದಿದೆ. ಬರೆದ ಮಾತು ಬಿಟ್ಟುಹೋಗಿದೆ. ವೇದಿಕೆಯ ಮೇಲೆ ಅದನ್ನು ಓದಿದಾಗ ಆಕೆ ಸಭೆಯಲ್ಲಿರಲಿಲ್ಲ, ಅದೊಂದೇ ಸಮಾಧಾನ. ಆಕೆ ಏಕೆ ಇರಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಯಾರೋ ಬೇಕೆಂದೇ ಹೀಗೆ ಮಾಡಿದರು ಎಂಬ ಸಂಶಯ ನನಗಿಲ್ಲ. ಕತ್ತರಿ ಹಿಡಿದವರಿಗೆ ಆ ಭಾಗ ವಿಷಯಾಂತರದಂತೆ ಕಂಡಿರಬೇಕು: ಲೇಖನ ಇಟಲಿಯ ಸಂಸ್ಕೃತಿಯದು, ಮೊಲ್ದೋವಾದವಳಿಗೆ ಇಲ್ಲೇನು ಕೆಲಸ? ಹಾಗೆ ಕಾಣುವುದೇ ನನ್ನ ಚಿಂತೆಗೆ ಕಾರಣ. 1974ರ ಡಿಸೆಂಬರಿನಲ್ಲಿ ಈ ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ ಟೊರ್ಟೆಲ್ಲಿನಿ ಹೂರಣದ ಪಾಕವಿಧಾನವನ್ನೇ ನೋಡಿ: ಹಂದಿಮಾಂಸ, ಹಂದಿಮಾಂಸದಿಂದಲೇ ಮಾಡುವ ಪ್ರೊಶುತ್ತೊ ಮತ್ತು ಮೊರ್ತದೆಲ್ಲಾ, ಪಾರ್ಮಿಜಾನೊ ಚೀಸ್, ಮೊಟ್ಟೆ, ಕೊನೆಗೆ ಜಾಯಿಕಾಯಿ. ಜಾಯಿಕಾಯಿಯ ಮೂಲ ಇಂಡೊನೇಷ್ಯಾದ ಬಾಂದಾ ದ್ವೀಪಗಳು. ನಮ್ಮ ಅಡಿಕೆ ತೋಟದ ನೆರಳಿನಲ್ಲೂ ಅದು ಬೆಳೆಯುತ್ತದೆ, ಇಟಲಿಯಲ್ಲಿ ಬೆಳೆಯುವುದಿಲ್ಲ. ಸಿನ್ಯೋರಾ ಅದನ್ನು ತುರಿಯುವಾಗ ಏಳುವ ಪರಿಮಳಕ್ಕೆ ನಾನು ಒಂದು ಕ್ಷಣ ಸಾಗರದಲ್ಲಿರುತ್ತೇನೆ. ಸಾಂಬಾರ ಪದಾರ್ಥ ಹೊರಗಿನಿಂದ ಬಂದರೆ ಅದು ಪರಂಪರೆಯಾಗುತ್ತದೆ. ಅದನ್ನು ತುರಿಯುವ ಕೈ ಹೊರಗಿನಿಂದ ಬಂದರೆ ವಿಷಯಾಂತರವಾಗುತ್ತದೆ.

2019ರಲ್ಲಿ ಈ ಊರಿನ ರಕ್ಷಕ ಸಂತ ಸ್ಯಾನ್ ಪೆತ್ರೋನಿಯೊ ಹಬ್ಬಕ್ಕೆ, ಹಂದಿಮಾಂಸ ತಿನ್ನದವರೂ ಪಾಲ್ಗೊಳ್ಳಲೆಂದು, ಎಂದಿನ ಟೊರ್ಟೆಲ್ಲಿನಿಯ ಜೊತೆಗೆ ಕೋಳಿಮಾಂಸದ ಹೂರಣದ 'ಸ್ವಾಗತದ ಟೊರ್ಟೆಲ್ಲಿನೊ'ವನ್ನೂ ಮಾಡಲು ಹೊರಟಾಗ ಎದ್ದ ಗದ್ದಲ ತಮಗೆ ನೆನಪಿರಬಹುದು. ದೇಶದ ದೊಡ್ಡ ರಾಜಕಾರಣಿಗಳವರೆಗೂ ಅದು ಹೋಯಿತು. ಅಂದು ಆ ಟೊರ್ಟೆಲ್ಲಿನೊವಿನ ಪರವಾಗಿ ಮಾತಾಡಿದವರ ಪೈಕಿ ಈ ಸಮಿತಿಯವರೂ ಇದ್ದರೆಂದು ನಾನು ಬಲ್ಲೆ. ಆದ್ದರಿಂದಲೇ ಈ ಪತ್ರವನ್ನು ಧೈರ್ಯದಿಂದ ಬರೆಯುತ್ತಿದ್ದೇನೆ. ಆಗ ಜಗಳ ಯಾರು ಉಣ್ಣಬೇಕು ಎಂಬುದರ ಬಗ್ಗೆ ಇತ್ತು, ಯಾರು ಮಾಡುತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ಮಾತು ಪ್ರಶಸ್ತಿಯ ಹೆಸರಿನದು. ಅದರಲ್ಲಿ ನನ್ನನ್ನು 'ಎಕ್ಸ್‌ಪ್ಯಾಟ್' ಎಂದು ಕರೆಯಲಾಗಿದೆ. ಇಟಾಲಿಯನ್ ಭಾಷೆಗೆ ಬಂದು ಸೇರಿದ ಈ ಇಂಗ್ಲಿಷ್ ಪದವನ್ನು ಇಲ್ಲಿ ಯಾರಿಗೆ ಬಳಸುತ್ತಾರೆಂದು ಗಮನಿಸಿದ್ದೇನೆ. ಲಂಡನ್ನಿನಿಂದ ಬಂದ ಅಧ್ಯಾಪಕನಿಗೆ, ಅಮೆರಿಕದಿಂದ ಬಂದ ಚಿತ್ರಕಾರಳಿಗೆ, ಕಂಪನಿಯ ಎಂಜಿನಿಯರನ ಹೆಂಡತಿಗೆ ಅದು ಸಲ್ಲುತ್ತದೆ. ಮೊಲ್ದೋವಾದವಳು 'ಇಮ್ಮಿಗ್ರಾತಾ' (ವಲಸೆ ಬಂದವಳು), ರೆಜ್ಜೊ ಎಮಿಲಿಯಾದ ಕೊಟ್ಟಿಗೆಗಳಲ್ಲಿ ಹಸುಗಳನ್ನು ನೋಡಿಕೊಳ್ಳುವ ಪಂಜಾಬಿ 'ಎಕ್ಸ್‌ತ್ರಾಕೊಮುನಿತಾರಿಯೊ' (ಯುರೋಪಿಯನ್ ಒಕ್ಕೂಟದ ಹೊರಗಿನವನು). ವಾಸದ ಪರವಾನಗಿ ನವೀಕರಿಸಲು ನಸುಕಿನಲ್ಲೇ ಹೋಗಿ ಸಾಲಿನಲ್ಲಿ ನಿಲ್ಲುವಾಗ ನಾವು ಮೂವರೂ ಒಂದೇ ಸಾಲಿನಲ್ಲಿರುತ್ತೇವೆ. ತಿಂಗಳುಗಟ್ಟಲೆ ಒಂದೇ ಬಗೆಯ ರಸೀದಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತೇವೆ. ತಮ್ಮ ಸಭಾಂಗಣದ ಬಾಗಿಲಲ್ಲಿ ಮಾತ್ರ ನನಗೊಂದು ಹೆಸರು, ಅವರಿಗೊಂದು ಹೆಸರು.

ಮನೆ ಹುಡುಕುವಾಗ ನನಗೂ ಆ ಹೊಸ ಹೆಸರು ನೆರವಾಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆರು ವರ್ಷಗಳ ಹಿಂದೆ ದೊಡ್ಡ ಮನೆಗೆ ಹೋಗಬೇಕೆಂದು ಹುಡುಕಿದಾಗ, ಏಜೆಂಟರೊಬ್ಬರು ಫೋನಿನಲ್ಲಿ ಎಲ್ಲ ಒಪ್ಪಿ, ಎದುರಿಗೆ ಕಂಡ ಮೇಲೆ, ಮಾಲೀಕರು ಹಿಂದೊಮ್ಮೆ ಭಾರತದವರಿಗೆ ಕೊಟ್ಟಿದ್ದರು, ಒಗ್ಗರಣೆಯ ವಾಸನೆ ಗೋಡೆಗೆ ಹತ್ತಿತು, ಮತ್ತೆ ಬೇಡ ಅನ್ನುತ್ತಿದ್ದಾರೆ ಎಂದರು. ಇದನ್ನು ಕೇಳಿದಾಗ ನನಗೆ ಈ ಊರಿನ ಇತಿಹಾಸವೇ ನೆನಪಾಯಿತು. 1088ರಲ್ಲಿ ಸ್ಥಾಪನೆಯಾಯಿತೆಂದು ಹೇಳುವ ಇಲ್ಲಿನ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಹೊರಗಿನಿಂದ ಬಂದ ವಿದ್ಯಾರ್ಥಿಗಳ ಸಂಘಗಳು: ಆಲ್ಪ್ಸ್‌ನ ಆಚೆಯಿಂದ ಬಂದವರದೊಂದು, ಈಚೆಯವರದೊಂದು. ಉಪಾಧ್ಯಾಯರನ್ನು ಗೊತ್ತುಮಾಡಿ ಸಂಬಳ ಕೊಡುತ್ತಿದ್ದವರು ಅವರೇ. ಅಂದಿನ ರೂಢಿಯ ಪ್ರಕಾರ ಒಬ್ಬ ಪರದೇಶಿ ಸಾಲ ತೀರಿಸದೆ ಹೋದರೆ ಅದೇ ನಾಡಿನ ಇನ್ನೊಬ್ಬನನ್ನು ಹಿಡಿದು ವಸೂಲಿ ಮಾಡಬಹುದಿತ್ತು. 12ನೇ ಶತಮಾನದ ನಡುವೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಹೊರಡಿಸಿದ 'ಹಬಿತಾ' ಶಾಸನ ವಿದ್ಯಾರ್ಥಿಗಳನ್ನು ಈ ಕಾಟದಿಂದ ಪಾರುಮಾಡಿತು. ಯಾರದೋ ಒಗ್ಗರಣೆಯ ಸಾಲವನ್ನು ನನ್ನಿಂದ ವಸೂಲಿ ಮಾಡಿದ ಆ ಮಾಲೀಕರಿಗೆ ಈ ಸಂಗತಿ ಗೊತ್ತಿರಲಿಕ್ಕಿಲ್ಲ. ತಮಗೆ ಗೊತ್ತಿದೆ, ತಮ್ಮ ಸ್ವಾಗತ ಭಾಷಣದಲ್ಲೇ ಆ ಶಾಸನದ ಪ್ರಸ್ತಾಪ ಬಂದಿತ್ತು.

ಮೊಲ್ದೋವಾದ ಆಕೆ ಸಮಾರಂಭಕ್ಕೆ ಬರಲಾಗದೆ ಹೋದದ್ದು ಏಕೆಂದರೆ ಅದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಮನೆಯಲ್ಲೇ ಇದ್ದು ವೃದ್ಧರನ್ನು ನೋಡಿಕೊಳ್ಳುವವರಿಗೆ ಬಹುಪಾಲು ಮನೆಗಳಲ್ಲಿ ಬಿಡುವು ಸಿಗುವುದು ಗುರುವಾರ ಮಧ್ಯಾಹ್ನ ಮತ್ತು ಭಾನುವಾರ. ಆ ಹೊತ್ತಿನಲ್ಲಿ ಊರಿನ ಯಾವ ಉದ್ಯಾನಕ್ಕೆ ಹೋದರೂ ಅವರು ಬೆಂಚುಗಳಲ್ಲಿ ಗುಂಪಾಗಿ ಕೂತಿರುವುದನ್ನು ತಾವೂ ಕಂಡಿರುತ್ತೀರಿ. ನಾನು ಎರಡು ಆಮಂತ್ರಣ ಪತ್ರಗಳನ್ನು ಮೇಲಿನ ಮನೆಗೆ ಕೊಟ್ಟಿದ್ದೆ. ಸಿನ್ಯೋರಾ ಅವರನ್ನು ಒಂಟಿಯಾಗಿ ಬಿಟ್ಟು ಬರಲು ಆಕೆಗಾಗಲಿಲ್ಲ, ಆಕೆ ಇಲ್ಲದೆ ಮೆಟ್ಟಿಲಿಳಿಯಲು ಸಿನ್ಯೋರಾ ಅವರಿಗಾಗಲಿಲ್ಲ. ನನಗೆ ಕಲಿಸಿದ ಇಬ್ಬರೂ ಮನೆಯಲ್ಲಿ ಉಳಿದರು.

ಪಾರ್ಮಿಜಾನೊ ಬಗ್ಗೆ ಬರೆಯಲು ನಾನು ರೆಜ್ಜೊ ಎಮಿಲಿಯಾ ಸೀಮೆಯ ನೊವೆಲ್ಲಾರಾದ ಕಡೆಗೆ ಹೋಗಿದ್ದಾಗಲೂ ಇದೇ ಅನುಭವವಾಗಿತ್ತು. ಸುಮಾರು 550 ಲೀಟರ್ ಹಾಲಿನಿಂದ 40 ಕಿಲೋ ತೂಕದ ಒಂದು ಚಕ್ರ, ಕನಿಷ್ಠ ಹನ್ನೆರಡು ತಿಂಗಳು ಮಾಗಬೇಕು. ಹಾಲು ಕರೆಯುವುದಕ್ಕೆ ರಜೆಯೆಂಬುದಿಲ್ಲ. ಆ ಕೆಲಸವನ್ನು ಹಲವು ಕೊಟ್ಟಿಗೆಗಳಲ್ಲಿ ದಶಕಗಳಿಂದ ನಡೆಸಿಕೊಂಡು ಬಂದವರು ಪಂಜಾಬಿನ ಸಿಖ್ಖರು. 2000ದಲ್ಲಿ ಅಲ್ಲಿ ಅವರ ದೊಡ್ಡ ಗುರುದ್ವಾರ ಉದ್ಘಾಟನೆಯಾದಾಗ, ಅಂದು ಯುರೋಪಿಯನ್ ಕಮಿಷನ್ನಿನ ಅಧ್ಯಕ್ಷರಾಗಿದ್ದ ರೊಮಾನೊ ಪ್ರೋದಿಯವರು ಬಂದಿದ್ದರು. ಆ ಲೇಖನ ತಮ್ಮ ಪುಸ್ತಿಕೆಯಲ್ಲಿ ಇಲ್ಲವೇ ಇಲ್ಲ. ಅದರ ಬಗ್ಗೆ ನನ್ನ ದೂರಿಲ್ಲ. ಅದು ಉದ್ದವಾಗಿತ್ತು, ಹಾಗೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ನನ್ನ ಕೋರಿಕೆಗಳನ್ನು ಮುಂದಿಡುತ್ತೇನೆ. ಪೌರತ್ವದ ಕಾನೂನು, ಪರವಾನಗಿಯ ವಿಳಂಬ ತಮ್ಮ ಕೈಯಲ್ಲಿಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನವರು ಪೌರತ್ವ ಕೇಳಲು ಇಲ್ಲಿ ಹತ್ತು ವರ್ಷ ವಾಸವಿರಬೇಕೆಂಬ ನಿಯಮವನ್ನು ಐದಕ್ಕೆ ಇಳಿಸುವ ಜನಮತಗಣನೆ 2025ರ ಜೂನ್‌ನಲ್ಲಿ ಸಾಕಷ್ಟು ಜನ ಮತ ಹಾಕದ್ದರಿಂದ ಬಿದ್ದುಹೋಯಿತು. ಅದನ್ನು ಒಂದು ಸಾಂಸ್ಕೃತಿಕ ಸಮಿತಿಯ ಮುಂದೆ ದೂರುವುದರಲ್ಲಿ ಅರ್ಥವಿಲ್ಲ. ತಮ್ಮ ಕೈಯಲ್ಲೇ ಇರುವುದನ್ನಷ್ಟೇ ಕೇಳುತ್ತಿದ್ದೇನೆ.

ಮೊದಲನೆಯದಾಗಿ, ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಬಿಟ್ಟುಹೋದ ಎರಡು ಪ್ಯಾರಾಗಳನ್ನು ಸೇರಿಸಬೇಕು. ಜಾಗ ಸಾಲದಿದ್ದರೆ ನನ್ನ ಪರಿಚಯದ ಪುಟವನ್ನು ತೆಗೆದುಹಾಕಬಹುದು. ನಾನು ಎಲ್ಲಿ ಓದಿದೆ, ಯಾವಾಗ ಬಂದೆ ಎಂಬುದು ಯಾರಿಗೂ ಬೇಕಾಗಿಲ್ಲ. ಪ್ರಶಸ್ತಿ ಪತ್ರದಲ್ಲಿರುವ 'ಅಪ್ಪಟ ಬೊಲೊನ್ಯಾ ಕೈಗಳು' ಎಂಬ ಮಾತನ್ನೂ ತಿದ್ದಿ ಕೊಡಬೇಕೆಂದು ಕೋರುತ್ತೇನೆ. ಸರಿಯಾದ ಪ್ರತಿ ಬರುವವರೆಗೆ ಇದನ್ನು ಗೋಡೆಗೆ ಹಾಕುವ ಮನಸ್ಸಾಗುತ್ತಿಲ್ಲ, ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ.

ಪ್ರಶಸ್ತಿಯ ಹೆಸರಿನಿಂದ 'ಎಕ್ಸ್‌ಪ್ಯಾಟ್' ಪದವನ್ನು ತೆಗೆಯಬೇಕು. ಅದರ ಬದಲು ಏನಿಡಬೇಕೆಂದು ತಮಗೇ ಬಿಡುತ್ತೇನೆ. ನಾವು ಮನೆಯಲ್ಲಿ 'ಹೊರಗಿನಿಂದ ಬಂದವರು' ಅನ್ನುತ್ತೇವೆ. ಆ ಮಾತಿನಲ್ಲಿ ಅಧ್ಯಾಪಕರೂ ಬದಾಂತೆಯೂ ಹಾಲು ಕರೆಯುವವರೂ ಸೇರುತ್ತಾರೆ.

ಹಾಗೆಯೇ, ಬರೆದವರಿಗೆ ಮಾತ್ರ ಸೀಮಿತವಾಗಿರುವ ಈ ಗೌರವವನ್ನು, ಬರೆಯದೆಯೂ ಇಲ್ಲಿನ ಒಂದು ಕೌಶಲವನ್ನು ಕಲಿತು ಉಳಿಸಿಕೊಂಡು ಬಂದ ಹೊರನಾಡಿಗರಿಗೂ ವಿಸ್ತರಿಸುವ ಬಗ್ಗೆ ಯೋಚಿಸಬೇಕು. ಹೆಸರುಗಳನ್ನು ಸೂಚಿಸಲು ಆಯಾ ಮನೆಗಳ, ಕೊಟ್ಟಿಗೆಗಳ, ಕಾರ್ಯಾಗಾರಗಳ ಹಿರಿಯರನ್ನೇ ಕೇಳಿ. ಸಿನ್ಯೋರಾ ಅವರನ್ನು ಕೇಳಿದರೆ ಒಂದು ಹೆಸರನ್ನು ಅವರು ತಡವಿಲ್ಲದೆ ಹೇಳುತ್ತಾರೆ. ಜೊತೆಗೆ, ಹಾಳೆ ಇನ್ನೂ ಸ್ವಲ್ಪ ತೆಳ್ಳಗಿರಬೇಕಿತ್ತು ಎಂದೂ ಸೇರಿಸುತ್ತಾರೆ.

ಕೊನೆಯದು ಚಿಕ್ಕ ಕೋರಿಕೆ. ಮುಂದಿನ ವರ್ಷದ ಸಮಾರಂಭವನ್ನು ಭಾನುವಾರ ಇಟ್ಟುಕೊಳ್ಳಿ. ಆಗದಿದ್ದರೆ ಗುರುವಾರ ಮಧ್ಯಾಹ್ನ ಮೂರರ ನಂತರ ಇರಲಿ. ಸಭಾಂಗಣಕ್ಕೆ ಹತ್ತಲು ಲಿಫ್ಟ್ ಇದೆಯೇ ಎಂಬುದನ್ನೂ ಆಮಂತ್ರಣದಲ್ಲಿ ತಿಳಿಸಿದರೆ ಒಳ್ಳೆಯದು. ನಾನು ಇಬ್ಬರನ್ನು ಕರೆದುಕೊಂಡು ಬರಬೇಕಾಗಿದೆ.

ತಮ್ಮ ಗೌರವಕ್ಕೆ ಮತ್ತೊಮ್ಮೆ ವಂದಿಸುತ್ತ, ಉತ್ತರದ ನಿರೀಕ್ಷೆಯಲ್ಲಿ,

ಇತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನವಳು, ಬೊಲೊನ್ಯಾ ನಿವಾಸಿ